ಸಿತಾರ್ ಕೇಳಿಸದ ಕಡೆ

ಶನಿವಾರ ರಾತ್ರಿ ನಮ್ಮ ಮನೆಯವರ ಗುಂಪಿನಲ್ಲಿ ನಡೆದದ್ದು. ಹೆಸರುಗಳಿಲ್ಲ, ನನ್ನ ಫೋನಿನಲ್ಲಿ ಯಾರನ್ನು ಏನಂತ ಸೇವ್ ಮಾಡ್ಕೊಂಡಿದೀನೋ ಹಾಗೇ ಹಾಕಿದೀನಿ. ಗುಡ್ ನೈಟ್ ಗುಲಾಬಿಗಳನ್ನ ತೆಗೆದಿದೀನಿ.

ದೊಡ್ಡಪ್ಪ (ಫಾರ್ವರ್ಡ್): ನಿಮಗೆ ಗೊತ್ತೇ? ಇಡೀ ಪಾಶ್ಚಾತ್ಯ ರಾಕ್ ಸಂಗೀತ ಹುಟ್ಟಿದ್ದೇ ನಮ್ಮ ಸಾಮವೇದದಿಂದ!! ಬೀಟಲ್ಸ್‌ನ ನಾಲ್ವರೂ ಹಿಂದೂ ಧರ್ಮ ಸ್ವೀಕರಿಸಿದರು! ಲೆಡ್ ಜೆಪೆಲಿನ್ ತಂಡ ಹಿಮಾಲಯದಲ್ಲಿ ಕುಳಿತು 'ಕಾಶ್ಮೀರ್' ಹಾಡು ರಚಿಸಿತು! ಜಿಮಿ ಹೆಂಡ್ರಿಕ್ಸ್ ಪರಮ ವಿಷ್ಣುಭಕ್ತ! ಹೆಮ್ಮೆಯಿದ್ದರೆ ಹತ್ತು ಜನಕ್ಕೆ ಕಳಿಸಿ 🙏🚩

ಭಾವ: ಮಾವ, ಹಾಗಾದ್ರೆ ಅಮೆರಿಕದ ಹಳೇ ರಾಕ್ ಹಾಡುಗಾರ ಚಕ್ ಬೆರ್ರಿಗೆ ಉಪನಯನ ಮಾಡಿಸಿದ್ದು ಯಾರು? 😀

ದೊಡ್ಡಪ್ಪ: ನಗಬೇಡಿ ಅಳಿಯಂದ್ರೇ. ನಮ್ಮದನ್ನ ನಮ್ಮದು ಅನ್ನೋಕೂ ನಾಚಿಕೆಯಾ?

ಪುಟ್ಟಿ: ತಾತ, ನಮ್ಮದಾದ್ರೆ ಅನ್ನೋಣ. ರಾಕ್ ಹುಟ್ಟಿದ್ದು 1950ರ ದಶಕದಲ್ಲಿ, ಅಮೆರಿಕದ ಕಪ್ಪುಜನರ ಬ್ಲೂಸ್, ಗಾಸ್ಪೆಲ್‌ನಿಂದ. ಬೀಟಲ್ಸ್ ಹಾಡಲ್ಲಿ ಸಿತಾರ್ ಬಂದಿದ್ದು 1965ರಲ್ಲಿ. ಅಷ್ಟೊತ್ತಿಗೆ ರಾಕ್ ಬೆಳೆದು ಮೀಸೆ ಬಂದಿತ್ತು.

ಭಾವ: 'ಕಾಶ್ಮೀರ್' ಹಾಡಿನ ಮಾತು ಹೊಳೆದದ್ದು ಮೊರಾಕೋದ ಮರಳುಗಾಡಿನ ರಸ್ತೇಲಿ. ಹಿಮ ಎಲ್ಲಿಂದ ಬರ್ಬೇಕು. ಇನ್ನು ನಾಲ್ವರೂ ಅಂದ್ರಲ್ಲ, 1968ರಲ್ಲಿ ರಿಷಿಕೇಶಕ್ಕೆ ಹೋದ ರಿಂಗೋ ಸುಮಾರು ಹತ್ತು ದಿನಕ್ಕೇ ಗಂಟುಮೂಟೆ ಕಟ್ಟಿದ. ಊಟ ಒಗ್ಗಲಿಲ್ಲ.

ನಾನು: ಕಾಶ್ಮೀರದಲ್ಲಿ ನಿಜವಾಗ್ಲೂ ಕೂತವನು ಬೇರೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್. 1966ರಲ್ಲಿ, ಶ್ರೀನಗರದ ದೋಣಿಮನೇಲಿ, ರವಿಶಂಕರ್ ಹತ್ರ ಸಿತಾರ್ ಪಾಠ. ಫಾರ್ವರ್ಡ್ ಬರೆದವನು ಹೇಳ್ಬೇಕಾದ್ದನ್ನೇ ಬಿಟ್ಟಿದಾನೆ.

ಪುಟ್ಟಿ: ಹೆಂಡ್ರಿಕ್ಸ್ ಕಥೆ ಇನ್ನೂ ಚೆನ್ನಾಗಿದೆ. 1967ರ ಆಲ್ಬಮ್‌ಗೆ ಕಂಪನಿಯವರು ವಿಶ್ವರೂಪದ ಪಟ ಹಾಕಿ, ಅದರಲ್ಲಿ ಅವನ ಮುಖ ಕೂರಿಸಿದ್ರು. ಅವನಿಗೆ ಅದು ಹಿಡಿಸ್ಲಿಲ್ಲ. ಇಂಡಿಯನ್ ಅಂತ ತೋರಿಸೋದಾದ್ರೆ ತನ್ನ ಮನೆತನದ ಅಮೆರಿಕನ್ ಇಂಡಿಯನ್ ನಂಟು ತೋರಿಸ್ಬೇಕಿತ್ತು ಅನ್ನೋದು ಅವನ ಮಾತು.

ದೊಡ್ಡಪ್ಪ: 😐

ಭಾವ: ಒಟ್ಟಿನಲ್ಲಿ ಇಷ್ಟೇ ಮಾವ, ಅದೊಂದು ಫ್ಯಾಷನ್. ಎರಡು ಮೂರು ವರ್ಷ ಸಿತಾರನ್ನ ಊದುಬತ್ತಿ ಥರ ಹಚ್ಚಿದ್ರು, ಹೊಗೆ ಹೋಯ್ತು. ಎಲೆಕ್ಟ್ರಿಕ್ ಸಿತಾರ್ ಬಂದ ಮೇಲಂತೂ ಗಿಟಾರ್ ಹಿಡಿಯೋಕೆ ಬರೋರೆಲ್ಲ ರಾತ್ರೋರಾತ್ರಿ ವಿದ್ವಾಂಸರು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಲ್ಲಿ ನಡೆದ ಕಛೇರೀಲಿ ಏನಾಯ್ತು? ರವಿಶಂಕರ್, ಅಲಿ ಅಕ್ಬರ್ ಖಾನ್ ಶ್ರುತಿ ಮಾಡ್ಕೊಂಡು ಮುಗಿಸಿದ್ರು, ಜನ ಕಛೇರಿನೇ ಮುಗೀತು ಅನ್ನೋ ಹಾಗೆ ಚಪ್ಪಾಳೆ. ಇದಕ್ಕೆ ಪ್ರಭಾವ ಅಂತೀರಾ?

(ಇಲ್ಲಿಗೆ ಭಾವ ಗೆದ್ದರು ಅಂತಲೇ ನಾನೂ ಅಂದ್ಕೊಂಡಿದ್ದೆ. ಅಪ್ಪ ಹೆಬ್ಬೆರಳು ಕೂಡ ಎತ್ತಿದ್ರು. ಆಗ ಅತ್ತೆ ಬಂದ್ರು. ಮೂವತ್ತು ವರ್ಷದಿಂದ ಸಂಗೀತ ಪಾಠ ಹೇಳ್ತಿರೋರು.)

ಅತ್ತೆ: ಈಗ ತಾನೇ ಪಾಠ ಮುಗೀತು, ಎಲ್ಲಾ ಓದಿದೆ. ಅಣ್ಣ ಹೇಳಿದ್ದೂ ತಪ್ಪು, ಅಳಿಯಂದ್ರು ಹೇಳಿದ್ದೂ ತಪ್ಪು. ಇಬ್ಬರೂ ಸಿತಾರ್ ಎಲ್ಲಿದೆ ಅಂತ ಹುಡುಕ್ತಿದೀರಿ.

ಅತ್ತೆ: ಆ ಜನ ಗೊತ್ತಿಲ್ಲದೇ ಹೊಡೆದಿದ್ರೂ ಚಪ್ಪಾಳೆ ಸರಿಯಾದ ಜಾಗಕ್ಕೇ ಬಿತ್ತು. ಮೊದಲು ಸಮುದ್ರ ದಾಟಿದ್ದು ರಾಗ ಅಲ್ಲ, ಶ್ರುತಿ. ಅವರ ಹಾಡು ನಡೆಯೋದು ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಯೋ ಸ್ವರಗಳ ಗುಂಪು, ಬದಲಾಯಿಸ್ತಾ. ಬೀಟಲ್ಸ್‌ನ 1966ರ 'ಟುಮಾರೋ ನೆವರ್ ನೋಸ್' ಹಾಕಿ. ನಾನು ಶ್ರುತಿಪೆಟ್ಟಿಗೆ ಬಿಳಿ ಒಂದಕ್ಕೆ ಇಟ್ಟು ಜೊತೆಗೆ ಕೇಳಿದೀನಿ. ಮೂರು ನಿಮಿಷ ತಳದ ಷಡ್ಜ ಅಲ್ಲಾಡಲ್ಲ. ಮೇಲೆ ಇನ್ನೊಂದು ಕಾರ್ಡಿನ ನೆರಳು ಬಂದು ಹೋಗುತ್ತೆ, ಅಷ್ಟೆ. ಮೊದಲಲ್ಲೇ ತಂಬೂರಿ ಇದೆ, ಕಿವಿ ಕೊಟ್ರೆ ಸಿಗುತ್ತೆ.

ಪುಟ್ಟಿ: ಅಜ್ಜಿ, ಆದ್ರೆ ಅದರ ಮಾತು ಟಿಬೆಟಿನ ಬೌದ್ಧರ ಗ್ರಂಥದಿಂದ ಬಂದದ್ದು. ಅವರದ್ದೇ 'ದಿ ಇನ್ನರ್ ಲೈಟ್' ಬಾಂಬೆ ವಾದ್ಯಗಾರರನ್ನ ಕೂರಿಸಿ ಮಾಡಿದ್ದು, ಮಾತು ಚೀನಾದ ತಾವೋ ಗ್ರಂಥದ್ದು. ಹಿಂದೂ ತತ್ವ ಅಂತ ಒಂದೇ ಚೀಲಕ್ಕೆ ತುಂಬೋಕಾಗಲ್ಲ.

ದೊಡ್ಡಪ್ಪ: ಹ್ಯಾರಿಸನ್ ಹಾಡಿದ 'ಮೈ ಸ್ವೀಟ್ ಲಾರ್ಡ್'ನಲ್ಲಿ ಗುರುರ್ಬ್ರಹ್ಮ ಗುರುರ್ವಿಷ್ಣು ಇದೆ. ನಾನೇ ಕೇಳಿದೀನಿ. ಅದೂ ಚೀನಾದ್ದೇನೇ?

ಪುಟ್ಟಿ: ಇಲ್ಲ ತಾತ, ಅದು ನಿಮ್ಮದೇ 😄 ಹ್ಯಾರಿಸನ್ ವಿವೇಕಾನಂದರ ರಾಜಯೋಗ ಓದ್ಕೊಂಡಿದ್ದ, 1973ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಬಂಗಲೆ ಕೊಂಡು ಕೃಷ್ಣಭಕ್ತರಿಗೆ ಕೊಟ್ಟ. ಅವನದ್ದು ತೋರಿಕೆ ಅಲ್ಲ.

ಭಾವ: ಅದೇ ಹಾಡಿನ ಧಾಟಿ ಬೇರೊಂದು ಹಳೇ ಹಾಡಿನದ್ದು, ತಿಳಿಯದೇ ನಕಲಾಗಿದೆ ಅಂತ 1976ರಲ್ಲಿ ಕೋರ್ಟು ತೀರ್ಪು ಕೊಡ್ತು.

ದೊಡ್ಡಪ್ಪ: ಧಾಟಿ ಯಾರದ್ದಾದ್ರೇನು, ಮಂತ್ರ ನಮ್ದು.

ಅತ್ತೆ: ಜಗಳ ಬಿಟ್ಟು ಆ ಹಾಡಿನ ಗಿಟಾರ್ ಕೇಳಿ. 1968ರ ಹೊತ್ತಿಗೆ ಹ್ಯಾರಿಸನ್ ಸಿತಾರ್ ಕೆಳಗಿಟ್ಟಿದ್ದ. ಚಿಕ್ಕಂದಿನಿಂದ ಸಾಧನೆ ಮಾಡಿದವರ ಮುಂದೆ ತಾನು ಎಷ್ಟರವನು ಅಂತ ಅವನಿಗೇ ಅರ್ಥ ಆಗಿತ್ತು. ಆಮೇಲೆ ಬೆರಳಿಗೆ ಕೊಳವೆ ಹಾಕ್ಕೊಂಡು ಗಿಟಾರ್ ನುಡಿಸೋದು ಹಿಡಿದ. ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಲ್ಲ, ಜಾರ್ತಾನೆ. ನಿಂತ ಸ್ವರದ ಮೇಲೆ ಸಣ್ಣಗೆ ತೂಗ್ತಾನೆ. ನಮ್ಮ ಮಕ್ಕಳಿಗೆ ಜಾರು ಹೇಳಿಕೊಡೋವಾಗ ಅವಸರ ಮಾಡ್ಬೇಡ್ರೋ ಅಂತ ಬೈತೀನಲ್ಲ, ಅವನಿಗೆ ಬೈಯೋ ಹಾಗೇ ಇಲ್ಲ.

ಭಾವ: ಅತ್ತೆ, ಕೊಳವೆ ಗಿಟಾರ್ ಬ್ಲೂಸ್‌ನವರದ್ದು, ಹವಾಯಿಯವರದ್ದು.

ಅತ್ತೆ: ಕೊಳವೆ ಅವರದ್ದೇ ಕಣಪ್ಪ. ಜಾರೋ ರೀತಿ ಹೇಳ್ತಿದೀನಿ.

ಭಾವ: ಹ್ಞೂಂ. ಹಾಗೆ ನೋಡಿದ್ರೆ ನನಗೂ ಒಂದು ನೆನಪಾಗ್ತಿದೆ. ಕಿಂಕ್ಸ್ ತಂಡದ 'ಸೀ ಮೈ ಫ್ರೆಂಡ್ಸ್', 1965ರ ಜುಲೈ, ಬೀಟಲ್ಸ್ ಸಿತಾರಿಗಿಂತ ಮುಂಚೆ. ಅದರ ಹಾಡುಗಾರ ರೇ ಡೇವಿಸ್ ಬಾಂಬೇಲಿ ತಂಗಿದ್ದಾಗ ಬೆಳಗಿನ ಜಾವ ಮೀನುಗಾರರು ಹಾಡ್ತಾ ಹೋಗೋದನ್ನ ಕೇಳಿದ್ದ. ಬರೀ ಗಿಟಾರಿನಲ್ಲೇ ಆ ಗುಂಯ್ ತರಿಸಿದಾನೆ. ಅದರಲ್ಲಿ ಸಿತಾರ್ ಇಲ್ಲ ನೋಡಿ.

ಅತ್ತೆ: ಅದನ್ನೇ ಹೇಳ್ತಿರೋದು! ದಿ ಹೂ ತಂಡದ 'ಬಾಬಾ ಓರೈಲಿ' ಹಾಡು ತಗೊಳ್ಳಿ. ಹೆಸರಲ್ಲಿ ನಮ್ಮ ಕಡೆಯ ಗುರು ಮೆಹೆರ್ ಬಾಬಾ ಮತ್ತು ಅಮೆರಿಕದ ಸಂಗೀತಗಾರ ಟೆರ್ರಿ ರೈಲಿ. ಆ ರೈಲಿ ಪಂಡಿತ್ ಪ್ರಾಣನಾಥರ ಶಿಷ್ಯ, ಕಿರಾನಾ ಘರಾಣೆ. ನಮ್ಮ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಇಬ್ಬರದ್ದೂ ಅದೇ ಘರಾಣೆ. ಅಂದ್ರೆ ಆ ಹಾಡಲ್ಲಿ ಕಿರಾನಾ

ಪುಟ್ಟಿ: ಅಜ್ಜಿ ನಿಲ್ಲಿ! ರೈಲಿ ಶಿಷ್ಯ ಆಗಿದ್ದು 1970ರಲ್ಲಿ. ಹಾಡಿಗೆ ಸ್ಫೂರ್ತಿ ಕೊಟ್ಟ ಅವನ ರೆಕಾರ್ಡ್ 1969ರದ್ದು. ಮೆಹೆರ್ ಬಾಬಾ ಹುಟ್ಟಿದ್ದೂ ಇರಾನಿ ಮೂಲದ ಜೊರಾಸ್ಟ್ರಿಯನ್ ಮನೇಲಿ.

ಅತ್ತೆ: ಓ. ಹಾಗಾದ್ರೆ ಅದನ್ನ ವಾಪಸ್ ತಗೊಂಡೆ. ನಾನೂ ಫಾರ್ವರ್ಡ್ ಬರೆಯೋಳ ಥರ ಆಡಿದೆ ನೋಡು.

ದೊಡ್ಡಪ್ಪ: 😌

ನಾನು: ದೊಡ್ಡಪ್ಪ, ನಿಮಗೆ ಹೆಮ್ಮೆ ಬೇಕಂದ್ರೆ ಒಂದು ಕೊಡ್ತೀನಿ. ಬೀಟಲ್ಸ್‌ನ ಆ ಮೊದಲ ಸಿತಾರ್ ಹಾಡು 'ನಾರ್ವೇಜಿಯನ್ ವುಡ್' ಧ್ವನಿಮುದ್ರಣದ ಹೊತ್ತಲ್ಲಿ ಹ್ಯಾರಿಸನ್ ಸಿತಾರಿನ ತಂತಿ ಕಡೀತು. ಬದಲಿ ತಂತಿಗೆ ಯಾರಿಗೆ ಫೋನ್ ಹೋಯ್ತು ಗೊತ್ತಾ? ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್ ನಡೆಸ್ತಿದ್ದ ಅಯನ ಅಂಗಡಿ ಅವರಿಗೆ. ತಂತಿ ಅವರ ಮನೆಯಿಂದ ಹೋಯ್ತು. ಮುಂದಿನ ವರ್ಷ ಹ್ಯಾರಿಸನ್, ರವಿಶಂಕರ್ ಭೇಟಿ ಆಗಿದ್ದೂ ಅವರ ಮನೇಲೇ.

ದೊಡ್ಡಪ್ಪ: ಅಂಗಡಿ? ನಮ್ಮ ಅಂಗಡಿ?

ನಾನು: ಅಡ್ಡಹೆಸರು ಕೇಳಿದ್ರೇ ಗೊತ್ತಾಗಲ್ವಾ.

ಅತ್ತೆ: ಅಣ್ಣ, ಅದೇ ಸರ್ಕಲ್ಲಿನ ವಾದ್ಯಗಾರರು ಕೂತು ನುಡಿಸಿದ ಬೀಟಲ್ಸ್ ಹಾಡು 'ವಿದಿನ್ ಯೂ ವಿದೌಟ್ ಯೂ', 1967. ಖಮಾಜ್ ಥಾಟ್, ನಮ್ಮಲ್ಲಾದ್ರೆ ಹರಿಕಾಂಭೋಜಿ. ನಡುವೆ ಹತ್ತು ಮಾತ್ರೆಗೆ ತಿರುಗುತ್ತೆ, ಕೈಯಲ್ಲಿ ತಾಳ ಹಾಕ್ಕೊಂಡು ಕೇಳು. ಪೂರ್ತಿ ಕೇಳಿ ಆಮೇಲೆ ಬರಿ.

(ಒಂದು ಗಂಟೆ ಯಾರ ಸದ್ದೂ ಇಲ್ಲ. ಹನ್ನೊಂದೂವರೆಗೆ ದೊಡ್ಡಪ್ಪ ಟೈಪ್ ಮಾಡ್ತಿದ್ದಾರೆ, ನಿಲ್ಲಿಸ್ತಾರೆ, ಮತ್ತೆ ಮಾಡ್ತಾರೆ.)

ದೊಡ್ಡಪ್ಪ: ಮೂರು ಸಲ ಕೇಳಿದೆ. ತಾಳ ಎರಡನೇ ಸಲಕ್ಕೆ ಸಿಕ್ತು. ಭ್ರಮೆಯ ಗೋಡೆ ಅಂತ ಬರುತ್ತಲ್ಲ, ಅದು ಮಾಯೆ, ಸಂಶಯ ಬೇಡ. ಆದ್ರೆ ಕೊನೇಲಿ ಯಾರೋ ನಗ್ತಾರೆ. ಯಾರನ್ನ ನೋಡಿ ನಗೋದು?

ಪುಟ್ಟಿ: ಹ್ಯಾರಿಸನ್ನೇ ಹಾಕಿಸಿದ್ದು ತಾತ. ಐದು ನಿಮಿಷ ವೇದಾಂತ ಕೇಳಿದ ಮೇಲೆ ಸ್ವಲ್ಪ ಹಗುರ ಆಗ್ಲಿ ಅಂತ.

ದೊಡ್ಡಪ್ಪ: ಬುದ್ಧಿವಂತ. ಸರಿ, ಸಾಮವೇದ ತೆಗೆದು ಅಂಗಡಿ ಸೇರಿಸಿ ಆ ಮೆಸೇಜ್ ತಿದ್ದಿಕೊಡು ಪುಟ್ಟಿ. ವಾಕಿಂಗ್ ಗುಂಪಿಗೆ ಆಗ್ಲೇ ಕಳಿಸಿಬಿಟ್ಟಿದೀನಿ, ಬೆಳಗಾಗೋದ್ರೊಳಗೆ ಸರಿ ಮಾಡ್ಬೇಕು.

ಭಾವ: ಹತ್ತು ಜನಕ್ಕೂ? 😀