ಪದಚರ್ಚೆ: ‘ಆಳುಗುಂಡಿ’ಗೆ ಬದಲು ಯಾವ ಪದ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ನಮ್ಮ ಬಡಾವಣೆಯ ರಸ್ತೆ ಕಾಮಗಾರಿ ಬಗ್ಗೆ ನಿವಾಸಿಗಳ ಸಂಘಕ್ಕೆ ಒಂದು ಮನವಿಪತ್ರ ಬರೆಯುತ್ತಿದ್ದೇನೆ. ಡಾಂಬರು, ಜಲ್ಲಿ, ಮೋರಿ, ಹೂಳು, ತೇಪೆ ಎಲ್ಲ ಸಲೀಸಾಗಿ ಬಂದವು. ಮ್ಯಾನ್‌ಹೋಲ್‌ಗೆ ಏನು ಬರೆಯಬೇಕೋ ತೋಚುತ್ತಿಲ್ಲ.

ಪತ್ರಿಕೆಗಳು ‘ಆಳುಗುಂಡಿ’ ಅನ್ನುತ್ತವೆ. ಅಂದರೆ ಆಳು ಇಳಿಯುವ ಗುಂಡಿ. ಆದರೆ ಯಾರೂ ಅದರೊಳಗೆ ಇಳಿಯಬಾರದು ಅನ್ನೋದಲ್ವಾ ನಮ್ಮೆಲ್ಲರ ಆಸೆ? ರಕ್ಷಣಾ ಸಾಧನವಿಲ್ಲದೆ ಜನರನ್ನು ಒಳಚರಂಡಿಗೆ ಇಳಿಸಿ ಕೆಲಸ ಮಾಡಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. ಒಳಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಆದರೂ ಸಾವು ನಿಂತಿಲ್ಲ. ಕನ್ನಡದಲ್ಲಿ ‘ಆಳು’ ಅಂದರೆ ಬರೀ ಮನುಷ್ಯ ಅಲ್ಲ, ಕೂಲಿಯಾಳು, ಮನೆಯಾಳು ಕೂಡ. ಹಾಗಾಗಿ ಈ ಪದ ನನಗೆ ಜಾಸ್ತಿ ಚುಚ್ಚುತ್ತದೆ. ಇಂಥವರು ಇಳಿಯುವುದಕ್ಕೇ ಈ ಗುಂಡಿ ಇರೋದು ಅಂತ ಹೆಸರೇ ಒಪ್ಪಿಕೊಂಡ ಹಾಗಿದೆ.

‘ಗುಂಡಿ’ಯದೂ ಒಂದು ತೊಡಕು. ‘ನಮ್ಮ ರಸ್ತೆಯ ಗುಂಡಿ ಮುಚ್ಚಿಸಿ’ ಅಂತ ಬರೆದರೆ ಡಾಂಬರು ಕಿತ್ತುಹೋದ ಹಳ್ಳವೂ ಆಗಬಹುದು, ಮುಚ್ಚಳ ಇಲ್ಲದ ಮ್ಯಾನ್‌ಹೋಲೂ ಆಗಬಹುದು. ಮೊದಲನೆಯದನ್ನು ತುಂಬಿಸಬೇಕು. ಎರಡನೆಯದನ್ನು ತುಂಬಿಸಿದರೆ ಅನಾಹುತ! ಬೆಂಗಳೂರಿನಲ್ಲಿ ರಸ್ತೆಬದಿ ಚರಂಡಿ ಪಾಲಿಕೆಯದು, ಒಳಚರಂಡಿ ಜಲಮಂಡಳಿಯದು. ಪದ ತಪ್ಪಿದರೆ ದೂರು ಸುಮ್ನೆ ಮೇಜಿಂದ ಮೇಜಿಗೆ ಓಡಾಡುತ್ತದೆ.

ನಮ್ಮ ಬೀದಿಯ ತೊಂದರೆ ಏನೆಂದರೆ, ಮ್ಯಾನ್‌ಹೋಲ್ ಮುಚ್ಚಳ ರಸ್ತೆಗಿಂತ ತಗ್ಗಿನಲ್ಲಿದೆ. ಹಳೇ ಡಾಂಬರು ಕೆರೆದು ತೆಗೆಯದೆ ಅದರ ಮೇಲೆಯೇ ಪದರ ಹಾಕುತ್ತಾ ಬಂದರೆ ರಸ್ತೆ ಏರುತ್ತದೆ, ಮುಚ್ಚಳ ಅಲ್ಲೇ ಉಳಿಯುತ್ತದೆ. ಮಳೆ ಬಂದರೆ ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಸುತ್ತಲಿನ ಡಾಂಬರಿನ ಅಂಚು ಸಡಿಲವಾಗಿ ಜಲ್ಲಿ ಏಳುತ್ತದೆ. ಗಾಡಿಯ ಚಕ್ರ ಧಡ್ ಅಂತ ಇಳಿದು ಏಳುವುದು ಅಲ್ಲೇ. ಮೇಲಿನ ಪದರ ಹಾಕುವ ಮೊದಲೇ ಚೌಕಟ್ಟು ಎತ್ತಿ, ಸುತ್ತ ಕಾಂಕ್ರೀಟ್ ಹಾಕಿ, ಮುಚ್ಚಳವನ್ನು ರಸ್ತೆಯ ಸಮಕ್ಕೆ ತರಬೇಕು. ಇಷ್ಟನ್ನು ಗೊಂದಲವಿಲ್ಲದೆ ಕೇಳಲು ನನಗೊಂದು ಪದ ಬೇಕು.

ಕೆಲಸಗಾರರು ‘ಚೇಂಬರ್’ ಅನ್ನುತ್ತಾರೆ. ಆದರೆ ಮನೆ ಅಂಗಳದ ಪುಟ್ಟ ತೊಟ್ಟಿಗೂ ಅದೇ ಹೆಸರು. ‘ಯುಜಿಡಿ’ (ಅಂಡರ್‌ಗ್ರೌಂಡ್ ಡ್ರೈನೇಜ್) ಅಂದರೆ ಒಳಚರಂಡಿಯ ಇಡೀ ಕೊಳವೆ ಜಾಲ. ‘ತಪಾಸಣೆ ಗುಂಡಿ’ ಕಡತದ ಭಾಷೆ ಆಯಿತು, ಮತ್ತೆ ಗುಂಡಿಯೇ ಬಂತು. ‘ಮೆಷಿನ್‌ಹೋಲ್’ ಅನ್ನಬೇಕೆಂಬ ಸಲಹೆಯ ಉದ್ದೇಶ ಒಳ್ಳೆಯದು, ಕನ್ನಡದ ಬಾಯಿಗೆ ಮಾತ್ರ ಅದು ಇನ್ನೂ ಹೊರಗಿನದು.

ನನಗೆ ಹಿಡಿಸಿದ್ದು ‘ಒಳಚರಂಡಿ ಬಾಯಿ’. ಚೀಲಕ್ಕೆ, ಗವಿಗೆ, ಹುತ್ತಕ್ಕೆ ಬಾಯಿ ಇರುವ ಹಾಗೆ ಇದಕ್ಕೂ. ಯಾವ ಇಲಾಖೆಯದು ಅನ್ನುವುದು ಹೆಸರಲ್ಲೇ ಇದೆ, ಆಳಿನ ಮಾತಿಲ್ಲ. ‘ಒಳಚರಂಡಿ ಬಾಯಿಯ ಮುಚ್ಚಳವನ್ನು ರಸ್ತೆಯ ಮಟ್ಟಕ್ಕೆ ಎತ್ತಿಸಿ’ ಅಂತ ಬರೆದರೆ ಯಾರಿಗಾದರೂ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಕೇಬಲ್‌ನವರ ಮ್ಯಾನ್‌ಹೋಲ್‌ಗೆ ಮಾತ್ರ ಇದು ಹೊಂದುವುದಿಲ್ಲ.

ಚರಂಡಿಗೆ ಗಟಾರ ಅನ್ನುವ ಧಾರವಾಡ, ಬೆಳಗಾವಿ ಕಡೆಯವರು, ತೋಡು ಅನ್ನುವ ಕರಾವಳಿಯವರು ಮ್ಯಾನ್‌ಹೋಲ್‌ಗೆ ಏನಂತೀರಿ? ಪೌರಕಾರ್ಮಿಕರ ಬಾಯಲ್ಲಿ ಬೇರೆ ಪದ ಕೇಳಿದ್ದೀರಾ? ಇದ್ದರೆ ಅದನ್ನೇ ಮೊದಲು ಬರೆಯಿರಿ, ನಾವು ಹೊಸದಾಗಿ ಕಟ್ಟುವುದಕ್ಕಿಂತ ಅದು ಒಳ್ಳೆಯದು.