ಬೊಂತೆ, ಕೌದಿ ಎರಡೂ ಒಂದೇನಾ? ಹಾಸೋದಾ, ಹೊದೆಯೋದಾ?

ಎಲ್ಲರಿಗೂ ನಮಸ್ಕಾರ.

ಚಿಂತಾಮಣಿ ತಾಲ್ಲೂಕಿನ ನಮ್ಮ ಊರಲ್ಲಿ ಹಳೆ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಕಿ ಕೈಯಲ್ಲಿ ಹೊಲಿದ ದಪ್ಪ ಹೊದಿಕೆಗೆ ಬೊಂತೆ ಅಂತಾರೆ. ನಮ್ಮ ಅತ್ತಿಗೆ ಧಾರವಾಡದವರು, ಅವರಿಗೆ ಅದು ಕೌದಿ. ಬೊಂತೆ ಅನ್ನೋದು ತೆಲುಗು, ಗಡಿ ಊರಿನವರಾದ್ದರಿಂದ ನಿಮ್ಮ ಬಾಯಿಗೆ ಬಂದಿದೆ, ಒಳ್ಳೆ ಕನ್ನಡದಲ್ಲಿ ಕೌದಿ ಅನ್ನಿ ಅಂತ ಅವರು ಹೇಳುತ್ತಾರೆ. ನನ್ನ ಮಗಳು ಎರಡನ್ನೂ ಬಿಟ್ಟು ಕ್ವಿಲ್ಟ್ ಅಂತಾಳೆ. ನನಗೆ ಬೊಂತೆ ಅನ್ನೋ ಮಾತನ್ನು ಬಿಡಲು ಮನಸ್ಸಿಲ್ಲ. ಅದಕ್ಕೆ ಕಾರಣ ಬರೆದು, ನಿಮ್ಮ ಕಡೆ ಏನಂತೀರಿ ಅಂತ ಕೇಳೋಣ ಅನ್ನಿಸಿತು.

ಮೊದಲು ವಸ್ತು ಯಾವುದು ಅಂತ ಹೇಳಿಬಿಡುತ್ತೇನೆ. ಪದ ಒಂದೇ ಇದ್ದು ವಸ್ತು ಬೇರೆ ಇದ್ದರೆ ಚರ್ಚೆ ಎಲ್ಲಿಗೋ ಹೋಗುತ್ತೆ. ನಾನು ಹೊದ್ದು ಬೆಳೆದ ಬೊಂತೆ ಅಜ್ಜಿ ಹೊಲಿದದ್ದು. ಅಡಿಗೆ ಅಜ್ಜಿಯದೇ ಒಂದು ಹತ್ತಿ ಸೀರೆ, ನಡುವೆ ತಾತನ ಪಂಚೆಗಳು, ಮೇಲೆ ಬಣ್ಣಬಣ್ಣದ ತುಂಡುಗಳು. ದೊಡ್ಡಮ್ಮನ ಸೀರೆಯ ಸೆರಗು, ಚಿಕ್ಕಪ್ಪನ ಗೀಟು ಗೀಟಿನ ಶರ್ಟು, ನನ್ನ ಸ್ಕೂಲಿನ ನೀಲಿ ಲಂಗ, ಯಾವುದು ಯಾರದು ಅಂತ ಬೆರಳಿಟ್ಟು ಹೇಳಬಹುದಿತ್ತು. ನಾವು ಮಕ್ಕಳು ಅದನ್ನು ಹೊದ್ದು ಮಲಗಿ ಅದೇ ಆಟ ಆಡುತ್ತಿದ್ದೆವು. ಒಳಗೆ ಹತ್ತಿ ಇರಲಿಲ್ಲ. ಹತ್ತಿ ತುಂಬಿದರೆ ಅದು ರಜಾಯಿ. ಉಣ್ಣೆಯದಾದರೆ ಕಂಬಳಿ, ಅದನ್ನು ನಮ್ಮ ಕಡೆ ಯಾರೂ ಬೊಂತೆ ಅನ್ನುವುದಿಲ್ಲ. ದುಪ್ಪಟಿ ಇನ್ನೂ ಬೇರೆ, ಅದು ಮಗ್ಗದಲ್ಲಿ ನೆಯ್ದು ಬಂದ ಬಟ್ಟೆ. ಬೊಂತೆಗೆ ಮಗ್ಗವೂ ಇಲ್ಲ, ಉಣ್ಣೆಯೂ ಇಲ್ಲ, ಮನೆಯವರು ಉಟ್ಟು ಬಿಟ್ಟದ್ದೇ ಬಂಡವಾಳ.

ಹೊಲಿಯುವ ರೀತಿ ಹೇಳಲೇಬೇಕು, ಯಾಕೆಂದರೆ ಪದದ ಅರ್ಥ ಅದರಲ್ಲೇ ಇದೆ ಅಂತ ನನ್ನ ನಂಬಿಕೆ. ನಡುಮನೆ ಗುಡಿಸಿ, ಸೀರೆ ಹಾಸಿ, ಗಾಳಿಗೆ ಏಳದ ಹಾಗೆ ಮೂಲೆಗಳಿಗೆ ಗುಂಡುಕಲ್ಲು ಇಡುತ್ತಿದ್ದರು. ಅಂಚಿನಿಂದ ಶುರು ಮಾಡಿ, ಸುತ್ತಿ ಸುತ್ತಿ ನಡುವಿಗೆ ಬರುವ ಹೊಲಿಗೆ. ಮೊದಲೇ ಅಂಚು ಕಟ್ಟಿಬಿಟ್ಟರೆ ಒಳಗಿನ ಪದರ ಜಾರುವುದಿಲ್ಲ. ದಬ್ಬಳ ಮುಟ್ಟುತ್ತಿರಲಿಲ್ಲ. ಗೋಣಿಚೀಲಕ್ಕೆ ದಬ್ಬಳ ಸರಿ, ಸವೆದ ಬಟ್ಟೆಗೆ ಹಾಕಿದರೆ ತೂತು ದೊಡ್ಡದಾಗಿ ಅಲ್ಲಿಂದಲೇ ಹರಿಯುತ್ತೆ. ಹಾಗಾಗಿ ಉದ್ದನೆಯ ಸೂಜಿ, ಎರಡೆಳೆ ದಾರ. ಹೊಸ ಬಟ್ಟೆಯ ತುಂಡು ಕೊಟ್ಟರೆ ಪಕ್ಕಕ್ಕೆ ಎತ್ತಿಡುತ್ತಿದ್ದರು. ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತೆ, ಪಕ್ಕದ ಹಳೆ ಬಟ್ಟೆ ಆಗಲೇ ಕುಗ್ಗಿ ಮುಗಿದಿರುತ್ತೆ, ಎರಡನ್ನೂ ಸೇರಿಸಿ ಹೊಲಿದರೆ ನೀರು ಕಂಡ ಕೂಡಲೇ ಬೊಂತೆಯೆಲ್ಲಾ ಸುಕ್ಕು. ಒಗೆದು ಒಗೆದು ಮೆತ್ತಗಾದ ಬಟ್ಟೆಯೇ ಬೇಕು, ಚಳಿಗಾಲದಲ್ಲಿ ಮೈಗೆ ಅಂಟಿಕೊಂಡು ಬೆಚ್ಚಗೆ ಇಡುವುದೂ ಅದೇ. ನೈಲಾನ್ ಸೀರೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅದನ್ನೂ ಹಾಕಿದರು. ಸೂಜಿಯ ಕೆಳಗೆ ಜಾರುತ್ತೆ, ಬೆವರು ಹೀರುವುದಿಲ್ಲ. ಆ ಬೊಂತೆಗಳು ನನಗೆ ಯಾವತ್ತೂ ಇಷ್ಟ ಆಗಲಿಲ್ಲ.

ಹೀಗಾಗಿ ನನ್ನ ಮೊದಲ ಪ್ರಶ್ನೆ. ಈಗ ಅಂಗಡಿಗಳಲ್ಲಿ ಹೊಸ ಬಟ್ಟೆ ಕತ್ತರಿಸಿ, ಮೆಷಿನ್ನಿನಲ್ಲಿ ಹೊಲಿದು, ಕೌದಿ ಅಂತ ಹೆಸರಿಟ್ಟು ಮಾರುತ್ತಾರೆ. ಚೆನ್ನಾಗಿಯೂ ಇರುತ್ತೆ. ಆದರೆ ಅದನ್ನು ಬೊಂತೆ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ನಿಮ್ಮ ಕಡೆ ಬೊಂತೆಗೆ, ಅಥವಾ ಕೌದಿಗೆ, ಹಳೆ ಬಟ್ಟೆ ಆಗಲೇಬೇಕು ಅನ್ನೋ ಅರ್ಥ ಇದೆಯಾ?

ಇನ್ನು ತೆಲುಗಿನ ವಿಷಯ. ತೆಲುಗಿನಲ್ಲಿ ಬೊಂತ ಅಂತಾರೆ, ನಿಜ. ಅಜ್ಜಿಯೇ ಪಕ್ಕದ ಮನೆಯವರ ಹತ್ತಿರ ತೆಲುಗಿನಲ್ಲಿ ಬೊಂತ ಅಂದು, ನಮ್ಮ ಕಡೆ ತಿರುಗಿ ಬೊಂತೆ ಮಡಚಿಡಿ ಅನ್ನುತ್ತಿದ್ದರು. ಚಿಂತಾಮಣಿ, ಬಾಗೇಪಲ್ಲಿ ಕಡೆಯವರಿಗೆ ಇದು ದಿನದ ಮಾತು. ಆದರೆ ತೆಲುಗಿನ ತಲ ನಮ್ಮಲ್ಲಿ ತಲೆ, ಮೇಕ ನಮ್ಮಲ್ಲಿ ಮೇಕೆ, ಸಂತ ನಮ್ಮಲ್ಲಿ ಸಂತೆ. ತಲೆ ಅನ್ನೋ ಪದವನ್ನು ನಾವು ತೆಲುಗಿನವರಿಂದ ಸಾಲ ತಂದೆವು ಅಂತ ಯಾರಾದರೂ ಹೇಳುತ್ತಾರಾ? ಅಕ್ಕಪಕ್ಕದ ಎರಡು ಭಾಷೆಗಳಲ್ಲಿ ಒಂದೇ ಪದ ಇದ್ದ ಮಾತ್ರಕ್ಕೆ ಅದು ಅವರದು, ನಮ್ಮದಲ್ಲ ಅಂತ ಆಗುವುದಿಲ್ಲ ಅಲ್ವಾ.

ಅದಕ್ಕಿಂತ ಗಟ್ಟಿಯಾದದ್ದು ಒಂದಿದೆ. 12ನೇ ಶತಮಾನದ ಶರಣೆಯರಲ್ಲಿ ಬೊಂತಾದೇವಿ ಇದ್ದಾರೆ, ಬಿಡಾಡಿ ಅನ್ನೋ ಅಂಕಿತದಲ್ಲಿ ವಚನ ಬರೆದವರು. ಅವರ ಮೊದಲ ಹೆಸರು ನಿಜದೇವಿ, ಕಾಶ್ಮೀರದ ಕಡೆಯ ಅರಸು ಮನೆತನದವರು, ಎಲ್ಲ ಬಿಟ್ಟು ಬಟ್ಟೆಯನ್ನೂ ತೊರೆದು ಕಲ್ಯಾಣಕ್ಕೆ ಹೊರಟಾಗ ಶಿವ ಒಂದು ಬೊಂತೆ ಕೊಟ್ಟ, ಅದನ್ನು ಹೊದ್ದದ್ದರಿಂದ ಬೊಂತಾದೇವಿ ಆದರು ಅಂತ ಕಥೆ. ಕಥೆಯನ್ನು ನೀವು ಹೇಗಾದರೂ ತೆಗೆದುಕೊಳ್ಳಿ. ಕಲ್ಯಾಣ ಇರುವುದು ಬೀದರ್ ಕಡೆ, ನಮ್ಮ ಕೋಲಾರದ ಗಡಿಯಲ್ಲಲ್ಲ. ಆ ಕಡೆಯ ಶರಣೆಯ ಹೆಸರಿನಲ್ಲೇ ಬೊಂತೆ ಕೂತಿದೆ. ಹಾಗಿದ್ದ ಮೇಲೆ ಇದನ್ನು ಗಡಿಯಲ್ಲಿ ಅಂಟಿಕೊಂಡ ಪದ ಅಂತ ತಳ್ಳಿಹಾಕುವುದು ನ್ಯಾಯ ಅಲ್ಲ. ಅತ್ತಿಗೆಗೂ ಇದನ್ನೇ ಹೇಳಿದೆ. ಅವರು ಒಪ್ಪಿದರು, ಆದರೆ ಕೌದಿ ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲ.

ಕೌದಿಯ ಬಗ್ಗೆ ನನಗೆ ಗೌರವ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಯ ಸಿದ್ದಿ ಸಮುದಾಯದ (ಆಫ್ರಿಕಾ ಮೂಲದವರು) ಹೆಣ್ಣುಮಕ್ಕಳು ಹೊಲಿಯುವುದನ್ನು ಕವಂದಿ ಅಂತಾರೆ, ಅದು ಕೌದಿಯ ನೆಂಟನೇ ಇರಬೇಕು ಅಂತ ಕೇಳಿದರೇ ಅನ್ನಿಸುತ್ತೆ. ಸಂಸ್ಕೃತದಲ್ಲಿ ಕಂಥಾ ಅಂದರೆ ಚಿಂದಿ ಸೇರಿಸಿ ಹೊಲಿದ ಹೊದಿಕೆ, ಬಂಗಾಳದವರ ಕಾಂಥಾ ಹೊಲಿಗೆಯ ಹೆಸರೂ ಅದೇ. ಕವಂದಿ, ಕಂಥಾ ಇವುಗಳಿಗೆ ಒಳಗೊಳಗೇ ಸಂಬಂಧ ಇದೆಯಾ? ಬಲ್ಲವರು ಬರೆಯಿರಿ.

ಎರಡನೆಯ ಪ್ರಶ್ನೆ, ಹಾಸೋದಾ ಹೊದೆಯೋದಾ ಅನ್ನೋದು. ನಮ್ಮ ಮನೆಯಲ್ಲಿ ಎರಡಕ್ಕೂ ಬೊಂತೆಯೇ. ಹೊಸದಾಗಿದ್ದಾಗ ಹೊದೆಯುವುದು, ಸವೆದ ಮೇಲೆ ಚಾಪೆಯ ಮೇಲೆ ಹಾಸುವುದು, ಪೂರ್ತಿ ಹರಿದ ಮೇಲೆ ಚಳಿಗಾಲದಲ್ಲಿ ರೇಷ್ಮೆ ಹುಳುವಿನ ಮನೆಯ ಕಿಟಕಿಗೆ ಕಟ್ಟುವುದು. ಹುಳುವಿಗೆ ರಾತ್ರಿ ಚಳಿ ತಾಗಬಾರದಲ್ಲ. ಬಾಣಂತಿ ಮನೆಯಲ್ಲಿ ಕೂಸಿಗೆ ಅಂತ ಚಿಕ್ಕದು ಹೊಲಿದರೆ ಅದಕ್ಕೂ ಬೇರೆ ಹೆಸರಿರಲಿಲ್ಲ, ಕೂಸಿನ ಬೊಂತೆ ಅಷ್ಟೇ. ಆದರೆ ಮಧುಗಿರಿ ಕಡೆಯ ಗೆಳತಿಯೊಬ್ಬಳು ಬೊಂತೆ ಅಂದರೆ ಹಾಸುವುದು ಮಾತ್ರ, ಹೊದೆಯುವುದಕ್ಕೆ ಹಾಗನ್ನಲ್ಲ ಅಂದಳು. ತುಮಕೂರಿನವರು ದಯವಿಟ್ಟು ಹೇಳಿ, ಇದು ಊರಿನ ರೂಢಿಯಾ, ಅವರ ಮನೆಯ ರೂಢಿಯಾ? ಕೋಲಾರ, ಮಾಲೂರು, ಮುಳಬಾಗಿಲಿನವರೂ ಬರೆಯಿರಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವವರೆಗೂ ನಾವೆಲ್ಲ ಕೋಲಾರ ಜಿಲ್ಲೆಯವರೇ, ಮಾತು ಅಷ್ಟು ಬೇಗ ಬೇರೆ ಆಗಿರಲಾರದು.

ಒಂದು ಬೇಸರವೂ ಇದೆ. ಸರಿಯಾಗಿ ಬಟ್ಟೆ ಹಾಕಿಕೊಳ್ಳದ ಮಕ್ಕಳಿಗೆ 'ಏನೇ ಇದು, ಬೊಂತೆ ಸುತ್ತಿಕೊಂಡಂಗೆ' ಅಂತ ಬೈಯುವುದುಂಟು. ಹೀಗೆ ಬೈಗುಳದಲ್ಲಿ ಮಾತ್ರ ಉಳಿದರೆ, ಮುಂದೆ ಬೊಂತೆ ಅಂದರೆ ಸುಮ್ನೆ ಚಿಂದಿ ಅಂತ ಆಗಿಬಿಡುತ್ತೆ. ತಿಂಗಳುಗಟ್ಟಲೆ ಮಧ್ಯಾಹ್ನ ಕೂತು, ಮನೆಯವರೆಲ್ಲರ ಬಟ್ಟೆ ಸೇರಿಸಿ, ಪಟ್ಟಾಗಿ ಹೊಲಿದ ವಸ್ತು ಅದು. ಚಿಂದಿ ಬೇರೆ, ಬೊಂತೆ ಬೇರೆ.

ಕೊನೆಗೆ, ಈ ಕೆಲಸದ ಒಳಗಿನ ಪದಗಳು ಬೇಕು. ಈ ಚಳಿಗಾಲಕ್ಕೆ ನಾನೂ ಒಂದು ಹೊಲಿಯಬೇಕು ಅಂತ ಇದ್ದೇನೆ, ಮಗಳಿಗೆ ಕಲಿಸುವಾಗ ಕನ್ನಡದಲ್ಲೇ ಹೇಳಿಕೊಡುವ ಆಸೆ. ಮೇಲೆ ಕೆಳಗೆ ಸೂಜಿ ಹಾಯಿಸಿ ನೇರ ಹೋಗುವ ಈ ಹೊಲಿಗೆಗೆ ಟೈಲರುಗಳು ಕಚ್ಚಾ ಅಂತಾರೆ, ಆದರೆ ಅವರ ಕಚ್ಚಾ ಬಿಚ್ಚಿ ಹಾಕುವ ಹೊಲಿಗೆ, ಇದು ಉಳಿಯುವ ಹೊಲಿಗೆ. ಇದಕ್ಕೆ ನಿಮ್ಮ ಮನೆಗಳಲ್ಲಿ ಏನಂತಾರೆ? ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಬಿಡುವ ಜಾಗಕ್ಕೆ? ಮೂಲೆಯಲ್ಲಿ ಮಡಚಿ ಹಾಕುವ ಮೂರು ಮೂಲೆಯ ತುಂಡಿಗೆ? ಸಿದ್ದಿಯವರು ಅದಕ್ಕೆ ಫುಲಾ, ಅಂದರೆ ಹೂವು, ಅಂತಾರೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲೂ ಯಾರ ಅಜ್ಜಿಯಾದರೂ ಒಂದು ಹೆಸರು ಹೇಳಿರಲೇಬೇಕು. ಮನೆಯಲ್ಲಿ ದೊಡ್ಡವರಿದ್ದರೆ ಕೇಳಿ ಬರೆಯಿರಿ, ಊರಿನ ಹೆಸರೂ ಜೊತೆಗೆ ಹಾಕಿ.