ಹಳೇ ಫೋಟೋ ಸ್ಕ್ಯಾನ್ ಮಾಡಿದರೆ ಮುಖದ ತುಂಬಾ ಚುಕ್ಕಿ, ಪ್ರಿಂಟ್ ಹಾಕಲು ಆಗುತ್ತಿಲ್ಲ

ಹಳೇಆಲ್ಬಮ್:
ಮೂರು ದಿನದಿಂದ ಒದ್ದಾಡುತ್ತಿದ್ದೇನೆ, ಯಾರಾದರೂ ದಾರಿ ತೋರಿಸಿ. ಅಜ್ಜ-ಅಜ್ಜಿ ಜೊತೆಗೆ ನಿಂತಿರುವ ಒಂದೇ ಒಂದು ಫೋಟೋ ನಮ್ಮಲ್ಲಿದೆ, 1978ರದ್ದು. ಅದನ್ನು ಎ4 ಅಳತೆಗೆ ಪ್ರಿಂಟ್ ಹಾಕಿ ಅಮ್ಮನಿಗೆ ಕೊಡಬೇಕು. ಸ್ಕ್ಯಾನ್ ಮಾಡಿದರೆ ಇಬ್ಬರ ಮುಖದ ತುಂಬಾ ಸಣ್ಣ ಸಣ್ಣ ಚುಕ್ಕಿ. ಶಾರ್ಪ್ ಮಾಡಿದರೆ ಇನ್ನೂ ಜಾಸ್ತಿ. ಬ್ಲರ್ ಮಾಡಿದರೆ ಚುಕ್ಕಿ ಹೋಗುತ್ತದೆ, ಜೊತೆಗೆ ಮುಖವೂ ಹೋಗುತ್ತದೆ. ಒಂದು ಪ್ರಿಂಟ್ ತೆಗೆದೂ ನೋಡಿದೆ. ಚುಕ್ಕಿ ಹಾಗೇ ಇದೆ, ಮೇಲಿಂದ ಇಡೀ ಚಿತ್ರ ಕಪ್ಪಾಗಿ ಬಂತು. ಸ್ಕ್ಯಾನರ್‌ನಲ್ಲಿ ತೊಂದರೆ ಇಲ್ಲ, ಕಾಗದಪತ್ರ ಎಲ್ಲ ಚೆನ್ನಾಗೇ ಬರುತ್ತವೆ. ಏನು ಮಾಡಲಿ?

ಪಿಕ್ಸೆಲ್‌ಲೆಕ್ಕ:
ಮೂಲ ಫೋಟೋ ಅಳತೆ ಎಷ್ಟು? ಎಷ್ಟು ಡಿಪಿಐ (ಸ್ಕ್ಯಾನರ್ ಇಂಚಿಗೆ ಎಷ್ಟು ಬಿಂದು ಓದಬೇಕು ಅನ್ನುವ ಸೆಟ್ಟಿಂಗ್) ಇಟ್ಟಿದ್ದಿರಿ? ಈ ಎರಡು ಹೇಳದೆ ಯಾರೂ ಉತ್ತರ ಕೊಡಲು ಆಗಲ್ಲ. ಎ4ಗೆ 300ರ ಲೆಕ್ಕದಲ್ಲಿ 2480 x 3508 ಪಿಕ್ಸೆಲ್ ಬೇಕು. ಹತ್ತರಲ್ಲಿ ಒಂಬತ್ತು ಜನ 300ರಲ್ಲಿ ಸ್ಕ್ಯಾನ್ ಮಾಡಿ ದೊಡ್ಡದು ಮಾಡಲು ಹೋಗುತ್ತಾರೆ. ನಿಮ್ಮದೂ ಅದೇ ಅನ್ನಿಸುತ್ತದೆ.

ಹಳೇಆಲ್ಬಮ್:
3.5 x 5 ಇಂಚು. 300ರಲ್ಲೂ ಮಾಡಿದೆ, 600ರಲ್ಲೂ ಮಾಡಿದೆ, 1200ರಲ್ಲೂ ಮಾಡಿದೆ. 1200ರಲ್ಲಿ ಚುಕ್ಕಿ ಇನ್ನೂ ಚೆನ್ನಾಗಿ ಕಾಣುತ್ತದೆ, ಅದೇ ನನ್ನ ಗೋಳು.

ಪಿಕ್ಸೆಲ್‌ಲೆಕ್ಕ:
1200 ನಿಮ್ಮ ಸ್ಕ್ಯಾನರ್‌ನ ನಿಜವಾದ ಆಪ್ಟಿಕಲ್ ಸಾಮರ್ಥ್ಯವೋ ಅಥವಾ ಸಾಫ್ಟ್‌ವೇರ್ ಹಿಗ್ಗಿಸಿದ್ದೋ? ಮೊದಲು ಅದನ್ನು ನೋಡಿ. ಹಿಗ್ಗಿಸಿದ ಪಿಕ್ಸೆಲ್‌ನಲ್ಲಿ ಹೊಸ ವಿವರ ಏನೂ ಇರುವುದಿಲ್ಲ. ಲೆಕ್ಕ ಸುಲಭ: 3.5 x 5 ಫೋಟೋ 300ರಲ್ಲಿ 1050 x 1500 ಪಿಕ್ಸೆಲ್. ಎ4ಗೆ ಹಾಕಿದರೆ ಇಂಚಿಗೆ 127 ಮಾತ್ರ. 600ರಲ್ಲಿ ಮಾಡಿದರೆ 254 ಸಿಗುತ್ತದೆ, ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ಅಷ್ಟು ಸಾಕು.

ಕಾಪಿಸ್ಟ್ಯಾಂಡ್:
ಸ್ಕ್ಯಾನ್‌ನಲ್ಲಿ ಪಿಪಿಐ (ಇಂಚಿಗೆ ಎಷ್ಟು ಪಿಕ್ಸೆಲ್) ಅನ್ನಬೇಕು, ಡಿಪಿಐ ಅಲ್ಲ. ಡಿಪಿಐ ಅಂದರೆ ಪ್ರಿಂಟರ್ ಕಾಗದದ ಮೇಲೆ ಇಂಚಿಗೆ ಇಡುವ ಶಾಯಿ ಚುಕ್ಕಿ.

ಪಿಕ್ಸೆಲ್‌ಲೆಕ್ಕ:
ಗೊತ್ತು ಸರ್. ಆದರೆ ಬಹುತೇಕ ಸ್ಕ್ಯಾನರ್ ಸಾಫ್ಟ್‌ವೇರ್‌ನಲ್ಲಿ ಡಿಪಿಐ ಅಂತಲೇ ಬರೆದಿರುತ್ತದೆ. ಕೇಳುವವರಿಗೆ ಅರ್ಥ ಆಗುವ ಪದ ಬಳಸಿದೆ.

ಕಾಪಿಸ್ಟ್ಯಾಂಡ್:
ತಪ್ಪು ಪದ ಬಳಸಿ ಬಳಸಿಯೇ ಜನ 72 ಅನ್ನು 300 ಅಂತ ತಿದ್ದಿಬಿಟ್ಟು ಫೋಟೋ ಸುಧಾರಿಸಿತು ಅಂದುಕೊಳ್ಳುವುದು. ಆ ಸಂಖ್ಯೆ ಫೈಲ್‌ಗೆ ಅಂಟಿಸಿದ ಚೀಟಿ ಅಷ್ಟೇ. ಪಿಕ್ಸೆಲ್ ಒಂದೂ ಹೆಚ್ಚಾಗುವುದಿಲ್ಲ.

ಅಚ್ಚುಮೊಳೆ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಸಾಲಾಗಿ ಒಂದೇ ಅಂತರದಲ್ಲಿ ಚುಕ್ಕಿ ಅಂದರೆ ಅದು ಹಾಫ್‌ಟೋನ್, ಸಣ್ಣ ಶಾಯಿ ಚುಕ್ಕಿಗಳಿಂದ ಅಚ್ಚು ಹಾಕಿದ್ದು. ಪುಸ್ತಕ, ಪತ್ರಿಕೆಯಲ್ಲಿ ಅಚ್ಚಾದ ಚಿತ್ರ ಸ್ಕ್ಯಾನ್ ಮಾಡಿದರೆ ಹೀಗೇ ಬರುವುದು. ಸ್ಕ್ಯಾನರ್ ಸೆಟ್ಟಿಂಗ್‌ನಲ್ಲಿ ಆ ಚುಕ್ಕಿ ಅಳಿಸಲು ಡಿಸ್ಕ್ರೀನ್ ಅಂತ ಇರುತ್ತದೆ, ಆನ್ ಮಾಡಿ. ಮುಗಿಯಿತು.

ಹಳೇಆಲ್ಬಮ್:
ಅಚ್ಚಾದ ಚಿತ್ರ ಅಲ್ಲ ಸರ್, ಸ್ಟುಡಿಯೋದಲ್ಲಿ ತೊಳೆದು ಕೊಟ್ಟ ಕಲರ್ ಫೋಟೋ. ಆದರೂ ಹಾಕಿ ನೋಡಿದೆ. ಚುಕ್ಕಿ ಅರ್ಧ ಕಡಿಮೆ ಆಯಿತು, ಮುಖ ಮೇಣದ ಬೊಂಬೆ ಥರ ಆಯಿತು. ಅಜ್ಜಿಯ ಗಲ್ಲದ ಮೇಲೆ ಒಂದು ಮಚ್ಚೆ ಇತ್ತು, ಅದೇ ಮಾಯ. ಅಮ್ಮ ಮೊದಲು ಹುಡುಕುವುದೇ ಆ ಮಚ್ಚೆಯನ್ನು.

ಅಚ್ಚುಮೊಳೆ:
ಡಿಸ್ಕ್ರೀನ್‌ನಲ್ಲೂ ಬಗೆ ಇದೆ. ಪತ್ರಿಕೆ, ಮ್ಯಾಗಜೀನ್, ಕಲಾಪುಸ್ತಕ ಅಂತ ಮೂರು ಆಯ್ಕೆ ಇರಬಹುದು. ಕಲಾಪುಸ್ತಕದ್ದು ಹಾಕಿ, ಅದು ಸಣ್ಣ ಚುಕ್ಕಿಗೆ. ಮೂರನ್ನೂ ಪ್ರಯತ್ನಿಸದೆ ಕೈ ಬಿಡಬೇಡಿ. ನಾನು ನೂರಾರು ಹಳೇ ಚಿತ್ರ ಹೀಗೇ ಉಳಿಸಿದ್ದೇನೆ.

ಹಳೇಆಲ್ಬಮ್:
ಮೂರೂ ಹಾಕಿದೆ. ಮೂರರಲ್ಲೂ ಮಚ್ಚೆ ಇಲ್ಲ.

ಮೋಡದಾಚೆ:
ಇಷ್ಟೆಲ್ಲ ಯಾಕೆ ಕಷ್ಟ? ಚಿತ್ರ ಹಿಗ್ಗಿಸಿ ವಿವರ ತುಂಬುವ ಎಐ ಅಪ್‌ಸ್ಕೇಲರ್‌ಗೆ ಹಾಕಿ, ಎರಡು ನಿಮಿಷದ ಕೆಲಸ. ನಾನು ಮಾಡಿದ ಫೋಟೋದಲ್ಲಿ ಒಂದೊಂದು ರೆಪ್ಪೆಗೂದಲೂ ಎಣಿಸಬಹುದು.

ಕಾಪಿಸ್ಟ್ಯಾಂಡ್:
ಆ ರೆಪ್ಪೆ ನಿಮ್ಮವರದ್ದಲ್ಲ ಸ್ವಾಮಿ. ಆ ತಂತ್ರಾಂಶ ಲಕ್ಷಾಂತರ ಬೇರೆ ಮುಖ ನೋಡಿ ಊಹೆಯಿಂದ ಬರೆಯುತ್ತದೆ. ತಮ್ಮ ಅಜ್ಜಿಯ ಫೋಟೋ ಕೇಳುತ್ತಿದ್ದಾರೆ ಅವರು, ಯಾರೋ ಚೆಂದದ ಹೆಂಗಸಿನದ್ದಲ್ಲ.

ಮೋಡದಾಚೆ:
ಎಲ್ಲ ತಂತ್ರಾಂಶವೂ ಹಾಗಲ್ಲ. ಮುಖ ತಿದ್ದುವ ಆಯ್ಕೆ ಆಫ್ ಮಾಡಬಹುದು. ನೋಡದೆ ಹೇಳಬೇಡಿ.

ಹಳೇಆಲ್ಬಮ್:
ಅದನ್ನೂ ಮಾಡಿದ್ದೆ, ಹೇಳಲು ಮರೆತೆ. ಅಜ್ಜನ ಮುಖದಲ್ಲಿ ಆ ಚುಕ್ಕಿಗಳನ್ನೇ ಚರ್ಮದ ಗುಳಿ ಅಂದುಕೊಂಡು ಇನ್ನೂ ಎದ್ದು ಕಾಣುವಂತೆ ಮಾಡಿತು. ಕೋಪ ಬಂದು ಅಳಿಸಿಬಿಟ್ಟೆ.

ಕತ್ತಲೆಕೋಣೆ:
ಒಂದು ಸಣ್ಣ ಕೆಲಸ ಮಾಡಿ. ಫೈಲ್ ಬಿಡಿ, ಫೋಟೋ ಕೈಗೆತ್ತಿಕೊಳ್ಳಿ. ಕಿಟಕಿ ಹತ್ತಿರ ಹೋಗಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೇಲ್ಮೈ ನಯವಾಗಿದೆಯಾ, ಇಲ್ಲ ಜೇನುಗೂಡಿನ ಹಾಗೆ ಉಬ್ಬುತಗ್ಗು ಇದೆಯಾ? ಉಗುರಿನಿಂದ ಉಜ್ಜಬೇಡಿ, ಕಣ್ಣಲ್ಲೇ ನೋಡಿ.

ಹಳೇಆಲ್ಬಮ್:
ಹೌದು, ಜೇನುಗೂಡಿನ ಥರಾನೇ ಇದೆ! ನಮ್ಮ ಆಲ್ಬಮ್‌ನಲ್ಲಿ ಆ ಕಾಲದ ಎಲ್ಲ ಫೋಟೋ ಹೀಗೇ ಇವೆ. ಅದನ್ನು ಹೇಳಬೇಕು ಅಂತ ಹೊಳೆಯಲೇ ಇಲ್ಲ.

ಕತ್ತಲೆಕೋಣೆ:
ಅದೇ ನಿಮ್ಮ ಚುಕ್ಕಿ. ಇದನ್ನು ಸಿಲ್ಕ್ ಪೇಪರ್ ಅನ್ನುತ್ತಿದ್ದೆವು. 70ರ ದಶಕದಲ್ಲಿ ಕಲರ್ ಫೋಟೋಗೆ ಬಹಳ ನಡೆಯುತ್ತಿತ್ತು. ಬೆರಳಚ್ಚು ಕಾಣುವುದಿಲ್ಲ, ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ. ಕೈಯಲ್ಲಿ ನೋಡಲು ಚೆಂದ, ಸ್ಕ್ಯಾನರ್‌ಗೆ ಶತ್ರು. ಸ್ಕ್ಯಾನರ್‌ನ ದೀಪ ಓರೆಯಾಗಿ ಬೀಳುತ್ತದೆ. ಪ್ರತಿ ಉಬ್ಬಿನ ಒಂದು ಬದಿ ಮಿಂಚುತ್ತದೆ, ಇನ್ನೊಂದು ಬದಿ ನೆರಳಾಗುತ್ತದೆ. ಡಿಪಿಐ ಹೆಚ್ಚಿಸಿದಷ್ಟೂ ಉಬ್ಬುಗಳು ಚೆನ್ನಾಗಿ ಕಂಡವು, ಅಷ್ಟೇ. ಚಿತ್ರದಲ್ಲಿ ತೊಂದರೆ ಇಲ್ಲ, ಕಾಗದದ ಮೈ ಹಾಗಿದೆ. ಅದಕ್ಕೇ ಡಿಸ್ಕ್ರೀನ್ ಮಚ್ಚೆಯನ್ನೂ ತಿಂದದ್ದು. ಡಿಸ್ಕ್ರೀನ್‌ಗೆ ಚುಕ್ಕಿ, ಮಚ್ಚೆ ಎರಡೂ ಒಂದೇ.

ಹೀಗೆ ಮಾಡಿ. ಸ್ಕ್ಯಾನರ್‌ನ ಎಲ್ಲ ಸ್ವಯಂಚಾಲಿತ ತಿದ್ದುಪಡಿ ಆಫ್ ಮಾಡಿ: ಶಾರ್ಪನ್, ಧೂಳು ತೆಗೆಯುವುದು, ಬಣ್ಣ ಸರಿಪಡಿಸುವುದು, ಡಿಸ್ಕ್ರೀನ್. 600ರಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ. ಆಮೇಲೆ ಫೋಟೋವನ್ನು ತಲೆಕೆಳಗಾಗಿ, ಅಂದರೆ 180 ಡಿಗ್ರಿ ತಿರುಗಿಸಿ ಇಟ್ಟು ಅದೇ ಸೆಟ್ಟಿಂಗ್‌ನಲ್ಲಿ ಮತ್ತೊಮ್ಮೆ. ಎರಡನೆಯದನ್ನು ಕಂಪ್ಯೂಟರ್‌ನಲ್ಲಿ ನೆಟ್ಟಗೆ ಮಾಡಿ ಮೊದಲನೆಯದರ ಮೇಲೆ ಲೇಯರ್ ಆಗಿ ಇಟ್ಟು, ಅಪಾಸಿಟಿ (ಆ ಲೇಯರ್ ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದು) ಶೇಕಡಾ 50 ಮಾಡಿ. ಮೊದಲ ಸ್ಕ್ಯಾನ್‌ನಲ್ಲಿ ಮಿಂಚಿದ ಬದಿ ಎರಡನೆಯದರಲ್ಲಿ ನೆರಳಾಗಿರುತ್ತದೆ. ಎರಡೂ ಸೇರಿ ಬಹುಪಾಲು ಅಳಿಸಿಹೋಗುತ್ತದೆ. ಮಚ್ಚೆ ಎರಡರಲ್ಲೂ ಒಂದೇ ಜಾಗದಲ್ಲಿ ಇರುತ್ತದಲ್ವಾ, ಅದು ಉಳಿಯುತ್ತದೆ.

ಆದರೆ ಎರಡೂ ಕೂದಲೆಳೆಯಷ್ಟೂ ಸರಿಯಬಾರದು. ಫೋಟೋಶಾಪ್‌ನಲ್ಲಿ ಆಟೋ ಅಲೈನ್ ಲೇಯರ್ಸ್ ಇದೆ. ಗಿಂಪ್ ಅನ್ನುವ ಉಚಿತ ತಂತ್ರಾಂಶ ಆದರೆ ಮೇಲಿನ ಲೇಯರ್ ಅನ್ನು ಡಿಫರೆನ್ಸ್ ಮೋಡ್‌ಗೆ ಹಾಕಿ ಇಡೀ ಚಿತ್ರ ಆದಷ್ಟು ಕಪ್ಪಾಗುವವರೆಗೆ ಸರಿಸಿ, ಆಮೇಲೆ ನಾರ್ಮಲ್‌ಗೆ ತನ್ನಿ.

ಅಚ್ಚುಮೊಳೆ:
ಮೇಲ್ಮೈ ಹಾಗಿದೆ ಅಂತ ಮೊದಲೇ ಹೇಳಿದ್ದರೆ ನಾನೂ ಬೇರೆ ಮಾತು ಹೇಳುತ್ತಿದ್ದೆ. ಇನ್ನೂ ಉಳಿದರೆ ಎಫ್‌ಎಫ್‌ಟಿ ಮಾಡಿ, ಚಿತ್ರದಲ್ಲಿ ಮತ್ತೆ ಮತ್ತೆ ಬರುವ ವಿನ್ಯಾಸವನ್ನು ಬೇರೆ ಮಾಡಿ ತೋರಿಸುವ ಲೆಕ್ಕ ಅದು. ಇಮೇಜ್‌ಜೆ ಅಂತ ಉಚಿತ ತಂತ್ರಾಂಶ ಇದೆ. ಕೆಂಪು, ಹಸಿರು, ನೀಲಿ ಚಾನಲ್ ಬೇರೆ ಮಾಡಿ ಒಂದೊಂದಕ್ಕೂ ಎಫ್‌ಎಫ್‌ಟಿ ಹಾಕಿ. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುವ ವಿನ್ಯಾಸ ಅಲ್ಲಿ ನಡುವಿನ ಸುತ್ತ ನಕ್ಷತ್ರದಂತೆ ಹೊಳೆಯುತ್ತದೆ. ಆ ನಕ್ಷತ್ರಗಳ ಮೇಲೆ ಕಪ್ಪು ಬಳಿದು ಇನ್‌ವರ್ಸ್ ಎಫ್‌ಎಫ್‌ಟಿ ಕೊಡಿ, ಮತ್ತೆ ಚಿತ್ರ ಆಗುತ್ತದೆ. ನಟ್ಟನಡುವಿನ ಬೆಳಕನ್ನು ಮಾತ್ರ ಮುಟ್ಟಬೇಡಿ, ಚಿತ್ರವೇ ಅಲ್ಲಿರುವುದು. ಇದನ್ನೆಲ್ಲ ಶಾರ್ಪ್ ಮಾಡುವ ಮೊದಲೇ ಮಾಡಬೇಕು.

ಪಿಕ್ಸೆಲ್‌ಲೆಕ್ಕ:
ಜೆಪೆಗ್‌ನಲ್ಲಿ ಉಳಿಸಬೇಡಿ, ಟಿಫ್‌ನಲ್ಲಿ ಉಳಿಸಿ. ಜೆಪೆಗ್ ಚಿತ್ರವನ್ನು 8 x 8 ಪಿಕ್ಸೆಲ್‌ನ ಚೌಕವಾಗಿ ಒಡೆಯುತ್ತದೆ. ಪ್ರತಿ ಸಲ ತಿದ್ದಿ ಉಳಿಸಿದಾಗ ಸ್ವಲ್ಪ ಸ್ವಲ್ಪ ಕೆಡುತ್ತದೆ.

ಕಾಪಿಸ್ಟ್ಯಾಂಡ್:
ಸ್ಕ್ಯಾನರ್ ಬಿಟ್ಟು ಕ್ಯಾಮೆರಾಗೆ ಬನ್ನಿ ಅಂತ ನನ್ನ ಸಲಹೆ. ನನ್ನಲ್ಲಿ ಒಂದು ಗಟ್ಟಿ ಸ್ಟ್ಯಾಂಡ್ ಇದೆ, ಕ್ಯಾಮೆರಾ ನೇರ ಕೆಳಗೆ ನೋಡುತ್ತದೆ. ಮ್ಯಾಕ್ರೋ ಲೆನ್ಸ್, ಎಡಕ್ಕೊಂದು ಬಲಕ್ಕೊಂದು ದೀಪ 45 ಡಿಗ್ರಿಯಲ್ಲಿ. ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವಂಥದ್ದು), ಲೆನ್ಸ್ ಮೇಲೆ ಪೋಲರೈಸರ್. ಲೆನ್ಸಿನದ್ದನ್ನು ತಿರುಗಿಸುತ್ತಾ ಹೋದರೆ ಒಂದು ಕಡೆ ಉಬ್ಬಿನ ಮಿಂಚು ಪೂರ್ತಿ ಆರಿಹೋಗುತ್ತದೆ. ನೋಡಿದರೆ ಮೈ ಜುಮ್ ಅನ್ನುತ್ತದೆ. ಇಡೀ ಆಲ್ಬಮ್ ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ದೀಪ ಹಾಕುವ ಚೌಕಟ್ಟು ನಾನೇ ಮರದಲ್ಲಿ ಮಾಡಿಕೊಂಡಿದ್ದು.

ಮೋಡದಾಚೆ:
ಲೆನ್ಸ್ ಯಾವುದು ಸರ್? 60 ಮಿಮೀನಾ, 100ಆ?

ಕಾಪಿಸ್ಟ್ಯಾಂಡ್:
100. ಫುಲ್‌ಫ್ರೇಮ್ ಕ್ಯಾಮೆರಾ. ಆದರೆ 60 ಇದ್ದರೆ ಸ್ಟ್ಯಾಂಡ್ ಅಷ್ಟು ಎತ್ತರ ಬೇಕಾಗುವುದಿಲ್ಲ. ಮುಂದಿನ ಸಲ ಸ್ಟ್ಯಾಂಡ್‌ನ ಕಂಬಕ್ಕೆ ಅಳತೆ ಪಟ್ಟಿ ಅಂಟಿಸಬೇಕು ಅಂತಿದ್ದೇನೆ.

ಕತ್ತಲೆಕೋಣೆ:
ಅವರ ಹತ್ತಿರ ಅದೆಲ್ಲ ಇಲ್ಲ. ಇರುವ ಸ್ಕ್ಯಾನರ್‌ನಲ್ಲೇ ಆಗುತ್ತದೆ, ಆಗಲಿ ಬಿಡಿ.

ಹಳೇಆಲ್ಬಮ್:
ಎರಡು ಸ್ಕ್ಯಾನ್ ಸೇರಿಸಿದೆ. ನಂಬಲು ಆಗುತ್ತಿಲ್ಲ! ಮುಕ್ಕಾಲು ಪಾಲು ಚುಕ್ಕಿ ಹೋಯಿತು. ಉಳಿದದ್ದಕ್ಕೆ ಎಫ್‌ಎಫ್‌ಟಿ ಮಾಡಿದೆ. ನಡುವಿನ ಸುತ್ತ ಆರು ನಕ್ಷತ್ರ ಕಂಡವು, ಬಳಿದೆ. ಮಚ್ಚೆ ಇದೆ. ಅಜ್ಜಿಯ ಬಾಯಿ ಪಕ್ಕದಲ್ಲಿ ನಗುವಾಗ ಬೀಳುವ ಒಂದು ಗೆರೆಯೂ ಇದೆ, ಅದನ್ನು ನಾನು ಈ ಫೋಟೋದಲ್ಲಿ ಮೊದಲ ಸಲ ನೋಡಿದ್ದು. ಈಗ ಎರಡು ಪ್ರಶ್ನೆ ಉಳಿದಿವೆ. ಇಡೀ ಫೋಟೋ ಕೆಂಪು ಕೆಂಪಾಗಿದೆ. ಮತ್ತೆ, ಪ್ರಿಂಟ್ ಕಪ್ಪಾಗಿ ಬರದಂತೆ ಏನು ಮಾಡಲಿ?

ಕತ್ತಲೆಕೋಣೆ:
ಕೆಂಪು ಆ ಕಾಲದ ಕಲರ್ ಪೇಪರ್‌ನ ರೋಗ. ಆಲ್ಬಮ್‌ನ ಕತ್ತಲಲ್ಲಿ ಇದ್ದರೂ ಸಯಾನ್ (ಹಸಿರು ಬೆರೆತ ನೀಲಿ) ಬಣ್ಣ ಮೊದಲು ಮಾಸುತ್ತದೆ, ಹಾಗಾಗಿ ಕೆಂಪು ಉಳಿದಂತೆ ಕಾಣುತ್ತದೆ. ಲೆವೆಲ್ಸ್‌ಗೆ ಹೋಗಿ ಮೂರು ಚಾನಲ್ ಬೇರೆ ಬೇರೆ ತೆರೆಯಿರಿ. ಪ್ರತಿಯೊಂದರಲ್ಲೂ ಎಡ-ಬಲದ ಗುರುತನ್ನು ಅಲ್ಲಿನ ಗ್ರಾಫ್‌ನಲ್ಲಿ ಗುಡ್ಡ ಶುರುವಾಗುವ ಜಾಗಕ್ಕೆ ತನ್ನಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ. ಆಮೇಲೆ ಬಿಳಿ ಅಂತ ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಜಾಗ ನೋಡಿಕೊಂಡು ನಡುವಿನ ಗುರುತು ಸರಿಸಿ. ಪೂರ್ತಿ ಹೊಸ ಫೋಟೋ ಥರ ಮಾಡಲು ಹೋಗಬೇಡಿ, ಚರ್ಮದ ಬಣ್ಣ ಹಸಿರಿಗೆ ತಿರುಗುತ್ತದೆ.

ಪ್ರಿಂಟ್ ಕಪ್ಪಾಗುವುದು ಹೆಚ್ಚಾಗಿ ಮಾನಿಟರ್ ಬೆಳಕಿನಿಂದ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಬ್ರೈಟ್‌ನೆಸ್ ಪೂರ್ತಿ ಇಟ್ಟುಕೊಂಡು ತಿದ್ದಿದರೆ ಪ್ರಿಂಟ್ ಖಂಡಿತ ಕಪ್ಪು. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಬಿಳಿ ಹಾಳೆ ಹಿಡಿದು, ಎರಡೂ ಸಮ ಅನ್ನಿಸುವವರೆಗೆ ಇಳಿಸಿ.

ಪಿಕ್ಸೆಲ್‌ಲೆಕ್ಕ:
ಒಮ್ಮೆಲೇ ಎ4 ಹಾಕಬೇಡಿ. ಎ4 ಅಳತೆಗೆ ತಂದ ಚಿತ್ರದಿಂದ ಎರಡು ಮುಖ ಇರುವಷ್ಟು ಜಾಗ ಮಾತ್ರ ಕತ್ತರಿಸಿ, ಅದೇ ಗಾತ್ರದಲ್ಲಿ ಒಂದೇ ಹಾಳೆಗೆ ಮೂರು ಪಟ್ಟಿ ಹಾಕಿ: ಇದ್ದಂತೆ ಒಂದು, ಸ್ವಲ್ಪ ಬೆಳಕಾಗಿಸಿದ್ದು ಒಂದು, ಇನ್ನೂ ಬೆಳಕಾಗಿಸಿದ್ದು ಒಂದು. ಶಾರ್ಪ್ ಮಾಡುವುದು ಅಳತೆ ಬದಲಿಸಿದ ಮೇಲೆ, ಕೊನೆಗೆ. ಶಾರ್ಪ್ ಮಾಡುವ ಅನ್‌ಶಾರ್ಪ್ ಮಾಸ್ಕ್ ಆಯ್ಕೆಯಲ್ಲಿ ರೇಡಿಯಸ್ 1ರ ಹತ್ತಿರ ಇಡಿ. ಥ್ರೆಶೋಲ್ಡ್ 3-4 ಇಟ್ಟರೆ ಉಳಿದ ಸಣ್ಣ ಚುಕ್ಕಿ ಏಳುವುದಿಲ್ಲ. ಮತ್ತೆ, ಮೊದಲೇ ನಾನು ಡಿಪಿಐ ಹಿಡಿದುಕೊಂಡು ಕೂತೆ, ಫೋಟೋ ಹೇಗಿದೆ ಅಂತ ಕೇಳಬೇಕಿತ್ತು.

ಹಳೇಆಲ್ಬಮ್:
ಮೂರು ಪಟ್ಟಿಯಲ್ಲಿ ನಡುವಿನದ್ದು ಸರಿ ಬಂತು. ಎ4 ಕೂಡ ಹಾಕಿದೆ. ತೋಳುದ್ದ ದೂರದಲ್ಲಿ ಹಿಡಿದರೆ ಚುಕ್ಕಿ ಒಂದೂ ಇಲ್ಲ. ಹತ್ತಿರದಿಂದ ನೋಡಿದರೆ ಅಜ್ಜನ ಕಪ್ಪು ಕೋಟಿನ ತೋಳಲ್ಲಿ ಮಾತ್ರ ಜೇನುಗೂಡು ಸ್ವಲ್ಪ ಉಳಿದಿದೆ. ಕಪ್ಪು ಜಾಗದಲ್ಲಿ ಯಾಕೆ ಉಳಿಯುತ್ತದೆ?

ಕತ್ತಲೆಕೋಣೆ:
ಕಪ್ಪಿನ ಮೇಲೆ ಮಿಂಚು ಎದ್ದು ಕಾಣುತ್ತದೆ, ಅದಕ್ಕೆ. 90 ಮತ್ತು 270 ಡಿಗ್ರಿಯಲ್ಲಿ ಇನ್ನೆರಡು ಸ್ಕ್ಯಾನ್ ಮಾಡಿ ನಾಲ್ಕನ್ನೂ ಸೇರಿಸಿ. ಕೆಳಗಿಂದ ಮೇಲಕ್ಕೆ ಅಪಾಸಿಟಿ 100, 50, 33, 25. ಆಗ ನಾಲ್ಕಕ್ಕೂ ಸಮ ಪಾಲು ಸಿಗುತ್ತದೆ. ಕೋಟಿಗೆ ಮಾತ್ರ ಮಾಸ್ಕ್ ಹಾಕಿ ಬಳಸಿ, ಮುಖ ಈಗ ಬಂದಿರುವಂತೆಯೇ ಇರಲಿ.

ಹಳೇಆಲ್ಬಮ್:
ಇವತ್ತು ರಾತ್ರಿ ಕೂರುತ್ತೇನೆ. ಅಮ್ಮ ಆಗಲೇ ಮೊದಲ ಪ್ರಿಂಟ್ ತೆಗೆದುಕೊಂಡು ಹೋಗಿದ್ದಾರೆ, ಕೋಟಿನ ಕಡೆ ನೋಡಲೇ ಇಲ್ಲ.